ಮಾತು ಹೋದರೆ ಬುದ್ಧಿ ಹೋಯಿತೆ?

1861ರಲ್ಲಿ ಪ್ಯಾರಿಸ್ಸಿನ ವೈದ್ಯನಾದ ಪಾಲ್ ಬ್ರೋಕಾ ಪರೀಕ್ಷಿಸಿದ ರೋಗಿಯೊಬ್ಬನು ಏನು ಕೇಳಿದರೂ ‘ಟಾನ್, ಟಾನ್’ ಎನ್ನುತ್ತಿದ್ದನು. ಲೆಕ್ಕ ಕೇಳಿದರೆ ಮಾತ್ರ ಬೆರಳೆತ್ತಿ ತೋರಿಸುತ್ತಿದ್ದನಂತೆ. ಸತ್ತ ಬಳಿಕ ನೋಡಲಾಗಿ, ಮಿದುಳಿನ ಎಡಗಡೆಯ ಮುಂಭಾಗ ಕೆಟ್ಟಿತ್ತು. ಈ ಬಗೆಯ ವಾಕ್‌ನಷ್ಟಕ್ಕೆ ಅಫೇಸಿಯಾ ಎಂದು ಹೆಸರು. ಹೆಚ್ಚಾಗಿ ಲಕ್ವ ಹೊಡೆದವರಲ್ಲಿ, ಕೆಲವೊಮ್ಮೆ ತಲೆಗೆ ಪೆಟ್ಟು ಬಿದ್ದವರಲ್ಲಿ ಇದು ಕಾಣುತ್ತದೆ.

ಲಕ್ವ ಹೊಡೆದ ಮೇಲೆ ನಮ್ಮ ದೊಡ್ಡಪ್ಪನವರ ಬಾಯಲ್ಲಿ ಉಳಿದದ್ದು ‘ನೀರು’ ಎಂಬ ಒಂದೇ ಮಾತು. ನೀರು ತಂದರೆ ಚೆಂಬನ್ನು ತಳ್ಳುವರು. ‘ತಲೆ ಕೆಟ್ಟಿದೆ’ ಎಂದರು ನೆಂಟರು; ಸಾಲ ತೀರಿಸಲು ತೋಟ ಮಾರುವ ಮಾತನ್ನು ಅವರೆದುರಿಗೇ, ಅವರನ್ನು ಕೇಳದೆ ಆಡಿದರು. ದೊಡ್ಡಮ್ಮ ಒಪ್ಪಲಿಲ್ಲ. ಎಲ್ಲರನ್ನೂ ಸುಮ್ಮನಿರಿಸಿ, ‘ತೋಟ ಮಾರೋಣವೆ?’ ಎಂದು ಕೇಳಿ ಕಾದರು. ಬೇಡವೆಂದು ತಲೆಯಾಡಿತು. ಹೌದು-ಅಲ್ಲಗಳು ಇಂಥವರಲ್ಲಿ ಅದಲುಬದಲಾಗುವುದುಂಟು. ಆದುದರಿಂದ ‘ಉಳಿಸಿಕೊಳ್ಳೋಣವೆ?’ ಎಂದು ತಿರುಗಿಸಿಯೂ ಕೇಳಿದರು. ಓದುಬರಹವಿಲ್ಲದ ಆಕೆಗೆ ಇದನ್ನು ಯಾರು ಕಲಿಸಿದರೋ! ತೋಟ ಉಳಿಯಿತು.

ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಇದಕ್ಕೆ ಚಿಕಿತ್ಸೆಯುಂಟು. ಮನೆಯವರೂ ಚಿಕ್ಕ ವಾಕ್ಯಗಳಲ್ಲಿ ಕೇಳಬೇಕು, ಅವರ ಮಾತನ್ನು ತಾವೇ ಆಡಿ ಮುಗಿಸಬಾರದು. ಮಾತು ಬಾರದವರಿಗೂ ಹಾಡು ಬರುವುದುಂಟು. ದೊಡ್ಡಪ್ಪ ಭಜನೆಗೆ ದನಿಗೂಡಿಸುತ್ತಾರೆ. ಆರೈಕೆ ಮಾಡುವವರಿಗೂ ಬಿಡುವು ಬೇಕು. ಈಗ ಭಾನುವಾರ ಸೋದರತ್ತೆ ಬಂದು ಕೂರುತ್ತಾರೆ, ದೊಡ್ಡಮ್ಮ ಸಂತೆಗೆ ಹೋಗುತ್ತಾರೆ.