ಅವಧಾನದ ಕೊರತೆ: ವಿದ್ಯಾರ್ಥಿ, ಉಪಾಧ್ಯಾಯ ಮತ್ತು ನೆರವಿನ ದಾರಿ

ಅವಧಾನವೆಂಬುದು ಕನ್ನಡ ನಾಡಿನ ವಿದ್ವತ್ಸಭೆಗಳಿಗೆ ಹೊಸ ಮಾತಲ್ಲ. ಅಷ್ಟಾವಧಾನಿಯು ಎಂಟು ಜನ ಪೃಚ್ಛಕರ ನಡುವೆ ಕುಳಿತು, ಒಬ್ಬರ ಸಮಸ್ಯೆಯನ್ನು ಪೂರೈಸುತ್ತ, ಇನ್ನೊಬ್ಬರು ಕೊಟ್ಟ ಪದಗಳನ್ನು ಪದ್ಯದಲ್ಲಿ ಹೊಂದಿಸುತ್ತ, ನಡುನಡುವೆ ಬಾರಿಸಿದ ಗಂಟೆಯ ಲೆಕ್ಕವನ್ನೂ ಮನಸ್ಸಿನಲ್ಲಿ ಇರಿಸಿಕೊಂಡಿರುತ್ತಾನೆ. ಆ ಸಭೆಯಲ್ಲಿ ಅಪ್ರಸ್ತುತ ಪ್ರಸಂಗಕ್ಕೆಂದೇ ಒಬ್ಬರನ್ನು ಕೂರಿಸಿರುತ್ತಾರೆ. ಅವಧಾನಿಯ ಚಿತ್ತವನ್ನು ಕದಡುವುದೇ ಅವರ ಕೆಲಸ. ತರಗತಿಯಲ್ಲಿ ಕುಳಿತ ಕೆಲವು ಮಕ್ಕಳಿಗೆ ಈ ಅಪ್ರಸ್ತುತ ಪ್ರಸಂಗಿಯು ಮನಸ್ಸಿನೊಳಗೇ ಮನೆಮಾಡಿಕೊಂಡಿರುತ್ತಾನೆ. ಉಪಾಧ್ಯಾಯರು ಲಘುತ್ತಮದ ಲೆಕ್ಕವನ್ನು ಬಿಡಿಸುತ್ತಿರುವಾಗ ಕಿಟಕಿಯಾಚೆಯ ಕಾಗೆ, ಪಕ್ಕದವನ ಪೆನ್ಸಿಲು, ನಿನ್ನೆಯ ಜಾತ್ರೆಯ ನೆನಪು ಎಲ್ಲವೂ ಸಮಾನ ಬಲದಿಂದ ಅವರನ್ನು ಕರೆಯುತ್ತವೆ. ಯಾವ ಕರೆಗೆ ಓಗೊಡಬೇಕು, ಯಾವುದನ್ನು ಬಿಡಬೇಕು ಎಂಬ ವಿವೇಚನೆಯು ಆ ಕ್ಷಣದಲ್ಲಿ ಅವರ ಕೈಗೆ ಸಿಕ್ಕುವುದಿಲ್ಲ.

ಈ ಸ್ಥಿತಿಯನ್ನು ಇಂದಿನ ವೈದ್ಯಶಾಸ್ತ್ರವು ಅವಧಾನ ನ್ಯೂನತೆ ಹಾಗೂ ಅತಿಚಟುವಟಿಕೆಯ ತೊಂದರೆ ಎಂದು ಗುರುತಿಸುತ್ತದೆ. ಆಸ್ಪತ್ರೆಗಳಲ್ಲಿ ಎ.ಡಿ.ಎಚ್.ಡಿ. ಎಂಬ ಹ್ರಸ್ವನಾಮವೇ ಬಳಕೆಯಲ್ಲಿದೆ. ಅನೇಕ ದೇಶಗಳ ಅಧ್ಯಯನಗಳನ್ನು ಕೂಡಿಸಿ ನೋಡಿದಾಗ ನೂರು ಮಕ್ಕಳಲ್ಲಿ ಸುಮಾರು ಐವರಿಗೆ ಇದು ಇರುವುದಾಗಿ ತಿಳಿದುಬರುತ್ತದೆ. ಅರವತ್ತು ಮಕ್ಕಳಿರುವ ತರಗತಿಯಲ್ಲಿ ಇಬ್ಬರೋ ಮೂವರೋ ಇಂಥವರಿರಬಹುದೆಂದಾಯಿತು. ಆದುದರಿಂದ ಇದು ದೂರದ ದೇಶದ ಅಪರೂಪದ ವ್ಯಾಧಿಯೇನೂ ಅಲ್ಲ. ಪ್ರತಿಯೊಬ್ಬ ಉಪಾಧ್ಯಾಯರೂ ತಮ್ಮ ಸೇವಾವಧಿಯಲ್ಲಿ ಇಂಥ ಹತ್ತಾರು ಮಕ್ಕಳಿಗೆ ಪಾಠ ಹೇಳಿರುತ್ತಾರೆ. ಬಹುಮಟ್ಟಿಗೆ ಸೋಮಾರಿ, ಉಡಾಳ ಎಂಬ ಹೆಸರಿಟ್ಟು ಹೇಳಿರುತ್ತಾರೆ.

ಚಂಚಲತೆಯು ಬಾಲ್ಯದ ಸಹಜ ಧರ್ಮವಲ್ಲವೇ ಎಂಬ ಪ್ರಶ್ನೆ ಏಳುವುದು ನ್ಯಾಯವೇ ಸರಿ. ಅಮೆರಿಕದ ಮನೋವೈದ್ಯರ ಸಂಘವು ೨೦೧೩ರಲ್ಲಿ ಪ್ರಕಟಿಸಿದ ಕೈಪಿಡಿಯು ಇದಕ್ಕೆ ಒಂದು ಮೇರೆಯನ್ನು ಹಾಕಿಕೊಟ್ಟಿದೆ. ಅವಧಾನದ ಕೊರತೆಗೆ ಸಂಬಂಧಿಸಿದ ಒಂಬತ್ತು ಲಕ್ಷಣಗಳು, ಅತಿಚಟುವಟಿಕೆ ಮತ್ತು ದುಡುಕಿಗೆ ಸಂಬಂಧಿಸಿದ ಒಂಬತ್ತು ಲಕ್ಷಣಗಳು ಅಲ್ಲಿ ಹೇಳಲ್ಪಟ್ಟಿವೆ. ಯಾವುದಾದರೂ ಒಂದು ಗುಂಪಿನ ಆರು ಲಕ್ಷಣಗಳಾದರೂ ಮಗುವಿನಲ್ಲಿ ಕನಿಷ್ಠ ಆರು ತಿಂಗಳು ನೆಲೆಸಿರಬೇಕು; ಹನ್ನೆರಡನೆಯ ವಯಸ್ಸಿಗೆ ಮೊದಲೇ ಕೆಲವಾದರೂ ಕಂಡಿರಬೇಕು; ಮನೆಯಲ್ಲಿ ಮಾತ್ರ ಇಲ್ಲವೆ ಶಾಲೆಯಲ್ಲಿ ಮಾತ್ರ ಕಂಡರೆ ಸಾಲದು, ಎರಡು ಕಡೆಗಳಲ್ಲಾದರೂ ಕಾಣಬೇಕು; ವಿದ್ಯೆಗೂ ಬಾಳಿಗೂ ಅದರಿಂದ ನಿಜವಾದ ಅಡಚಣೆಯಾಗುತ್ತಿರಬೇಕು. ರಕ್ತಪರೀಕ್ಷೆಯಿಂದಾಗಲಿ ಮಿದುಳಿನ ಚಿತ್ರ ತೆಗೆಯುವುದರಿಂದಾಗಲಿ ಇದನ್ನು ನಿರ್ಣಯಿಸಲಾಗುವುದಿಲ್ಲ. ತಂದೆತಾಯಿಗಳನ್ನೂ ಉಪಾಧ್ಯಾಯರನ್ನೂ ಕೇಳಿ, ಮಗುವನ್ನು ಕಂಡು, ತಜ್ಞರೇ ತೀರ್ಮಾನಿಸಬೇಕು. ಉಪಾಧ್ಯಾಯರ ಮಾತಿಗೆ ಇಲ್ಲಿ ವೈದ್ಯಕೀಯ ಸಾಕ್ಷ್ಯದ ಬೆಲೆಯುಂಟು ಎಂಬುದನ್ನು ವಿಶೇಷವಾಗಿ ಗಮನಿಸಬೇಕು.

ಮಗುವಿನ ಮೇಲೆ ಅತ್ಯಂತ ಅನ್ಯಾಯವಾಗುವುದು ಒಂದು ತೋರಿಕೆಯ ವಿರೋಧದಿಂದ. ಹತ್ತು ನಿಮಿಷ ಕುಳಿತು ಕಾಪಿ ಬರೆಯಲಾರದ ಹುಡುಗನು ಸೈಕಲ್ಲಿನ ಚೈನನ್ನು ಬಿಚ್ಚಿ ಜೋಡಿಸುತ್ತ ಊಟದ ಹೊತ್ತನ್ನೂ ಮರೆತು ಕುಳಿತಿರುತ್ತಾನೆ. ಇದನ್ನು ಕಂಡ ಹಿರಿಯರು, ಬೇಕಾದ ಕಡೆಗೆ ಗಮನ ಕೊಡಲು ಬರುವುದಾದರೆ ಓದಿನ ಕಡೆಗೇಕೆ ಬಾರದು, ಇದು ಮೈಗಳ್ಳತನವಲ್ಲದೆ ಮತ್ತೇನು ಎಂದು ತೀರ್ಪು ಕೊಡುತ್ತಾರೆ. ತೊಂದರೆಯ ಮರ್ಮವಿರುವುದೇ ಇಲ್ಲಿ. ಅವಧಾನದ ಶಕ್ತಿಯು ಅವನಲ್ಲಿ ಇಲ್ಲದಿಲ್ಲ. ಅದನ್ನು ಇಚ್ಛೆಯಂತೆ ತಿರುಗಿಸುವ ಚುಕ್ಕಾಣಿ ದುರ್ಬಲವಾಗಿದೆ. ಕುತೂಹಲ ಹುಟ್ಟಿಸುವ ವಸ್ತುವು ತಾನಾಗಿ ಅವನನ್ನು ಹಿಡಿದಿಡುತ್ತದೆ. ನೀರಸವಾದುದನ್ನು ಕರ್ತವ್ಯವೆಂದು ಹಿಡಿದು ಕೂರುವುದು ಅವನಿಗೆ ಉಳಿದವರಿಗಿಂತ ಎಷ್ಟೋ ಪಾಲು ಕಷ್ಟ. ಹೆಣ್ಣುಮಕ್ಕಳ ವಿಷಯದಲ್ಲಿ ಇನ್ನೊಂದು ಬಗೆಯ ಅನ್ಯಾಯವಾಗುತ್ತದೆ. ಅವರಲ್ಲಿ ಗಲಾಟೆ ಕಡಿಮೆ, ಕನಸುಗಣ್ಣು ಹೆಚ್ಚು. ಬೆಂಚಿನ ಮೂಲೆಯಲ್ಲಿ ಸುಮ್ಮನೆ ಕುಳಿತ ಹುಡುಗಿಯಿಂದ ಯಾರಿಗೂ ಉಪದ್ರವವಿಲ್ಲದ ಕಾರಣ ಆಕೆಯ ಕಷ್ಟವೂ ಯಾರ ಕಣ್ಣಿಗೂ ಬೀಳುವುದಿಲ್ಲ.

ಈ ಸ್ಥಿತಿಯ ವರ್ಣನೆ ಹಳೆಯದು. ಫ್ರಾಂಕ್‌ಫರ್ಟಿನ ವೈದ್ಯ ಹೈನ್ರಿಚ್ ಹಾಫ್‌ಮನ್ ಮಕ್ಕಳಿಗಾಗಿ ಬರೆದ ಪುಸ್ತಕದಲ್ಲಿ, ಊಟದ ಮೇಜಿನ ಬಳಿ ಕುರ್ಚಿಯನ್ನು ಓಲಾಡಿಸಿ ಕೊನೆಗೆ ಬಟ್ಟೆಯ ಸಮೇತ ಊಟವನ್ನೆಲ್ಲ ಎಳೆದು ಕೆಡವುವ ಫಿಲಿಪ್ಪನೆಂಬ ಹುಡುಗನಿದ್ದಾನೆ. ೧೯೦೨ರಲ್ಲಿ ಲಂಡನ್ನಿನ ಮಕ್ಕಳ ವೈದ್ಯ ಜಾರ್ಜ್ ಸ್ಟಿಲ್ ಅವರು ಅಲ್ಲಿನ ರಾಯಲ್ ಕಾಲೇಜ್ ಆಫ್ ಫಿಸಿಷಿಯನ್ಸ್‌ನಲ್ಲಿ ನೀಡಿದ ಉಪನ್ಯಾಸಗಳಲ್ಲಿ, ಬುದ್ಧಿಗೆ ಕುಂದಿಲ್ಲದಿದ್ದರೂ ತಮ್ಮನ್ನು ತಾವು ಹಿಡಿತದಲ್ಲಿಟ್ಟುಕೊಳ್ಳಲಾರದ ಮಕ್ಕಳ ವೃತ್ತಾಂತವನ್ನು ಮುಂದಿಟ್ಟರು. ೧೯೩೭ರಲ್ಲಿ ಅಮೆರಿಕದ ರೋಡ್ ಐಲೆಂಡಿನ ಚಾರ್ಲ್ಸ್ ಬ್ರಾಡ್ಲಿಯವರು ಬೆಂಜೆಡ್ರಿನ್ ಎಂಬ ಉತ್ತೇಜಕ ಔಷಧವನ್ನು ಮೂವತ್ತು ಮಕ್ಕಳಿಗೆ ಕೊಟ್ಟು ನೋಡಿದಾಗ, ಸುಮಾರು ಅರ್ಧದಷ್ಟು ಮಕ್ಕಳು ಓದಿನಲ್ಲಿ ಆಶ್ಚರ್ಯಕರವಾಗಿ ಸುಧಾರಿಸಿದರು. ಕೈಪಿಡಿಗಳಲ್ಲಿ ಹೆಸರು ಮಾತ್ರ ಬದಲಾಗುತ್ತ ಬಂದಿತು. ೧೯೬೮ರಲ್ಲಿ ಅತಿಚಲನೆಗೆ ಪ್ರಾಧಾನ್ಯ. ೧೯೮೦ರಲ್ಲಿ ಅವಧಾನದ ಕೊರತೆಗೆ. ೧೯೮೭ರಿಂದ ಎರಡನ್ನೂ ಕೂಡಿಸಿದ ಈಗಿನ ಹೆಸರು.

ಕಾರಣವೇನೆಂಬ ಪ್ರಶ್ನೆಗೆ ಇಂದು ಹಿಂದಿಗಿಂತ ಸ್ಪಷ್ಟವಾದ ಉತ್ತರವಿದೆ. ಇದು ಬಹುಮಟ್ಟಿಗೆ ವಂಶವಾಹಿಗಳ ಮೂಲಕ ಬರುವಂಥದು. ಅಮೆರಿಕದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆಯ ಸಂಶೋಧಕರು ೨೦೦೭ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಇಂಥ ಮಕ್ಕಳ ಮಿದುಳಿನ ಹೊರಪದರವು ಬೆಳೆಯುವ ಕ್ರಮ ಉಳಿದ ಮಕ್ಕಳದರಂತೆಯೇ ಇದ್ದರೂ ಸರಾಸರಿ ಮೂರು ವರ್ಷ ತಡವಾಗಿ ಸಾಗುತ್ತದೆ. ಹತ್ತು ವರ್ಷದ ಹುಡುಗನಿಂದ ಹತ್ತು ವರ್ಷದ ಸಂಯಮವನ್ನು ನಿರೀಕ್ಷಿಸುವ ಉಪಾಧ್ಯಾಯರು ಈ ಸಂಗತಿಯನ್ನು ಮನಗಂಡರೆ ಎಷ್ಟೋ ಬೆತ್ತಗಳು ಮೂಲೆ ಸೇರುತ್ತವೆ. ತಾಯಿಯ ಮುದ್ದಾಗಲಿ ಸಕ್ಕರೆಯ ತಿಂಡಿಯಾಗಲಿ ಇದಕ್ಕೆ ಕಾರಣವಲ್ಲ.

ಈಗ ನೆರವಿನ ವಿಚಾರ. ಶಂಕೆ ಬಂದೊಡನೆ ಮೊದಲು ಕಣ್ಣು ಕಿವಿಗಳ ಪರೀಕ್ಷೆಯಾಗಬೇಕು. ಹಲಗೆಯ ಅಕ್ಷರ ಕಾಣದ ಮಗುವೂ, ಅರ್ಧ ಮಾತು ಮಾತ್ರ ಕೇಳಿಸುವ ಮಗುವೂ ಅನ್ಯಮನಸ್ಕವಾಗಿಯೇ ತೋರುತ್ತದೆ. ನಿದ್ರೆ ಸಾಲದ ಮಗುವಿನದೂ ಇದೇ ಪಾಡು. ಮೂರ್ಛೆರೋಗದ ಒಂದು ಬಗೆಯಲ್ಲಿ ಮಗುವು ಬೀಳದೆ, ಕೈಕಾಲು ಅದುರದೆ, ಕೆಲವೇ ಸೆಕೆಂಡು ಶೂನ್ಯದೃಷ್ಟಿಯಿಂದ ನಿಂತು ಮತ್ತೆ ಮೊದಲಿನಂತಾಗುತ್ತದೆ. ಇದನ್ನು ಹಗಲುಗನಸೆಂದು ತಿಳಿದು ಗದರಿಸಿದ ಪ್ರಸಂಗಗಳು ಕಡಿಮೆಯಿರಲಾರವು. ಓದು, ಬರಹ, ಲೆಕ್ಕಗಳ ಕಲಿಕೆಯ ನ್ಯೂನತೆಯು ಅವಧಾನದ ಕೊರತೆಯೊಂದಿಗೆ ಜೊತೆಯಾಗಿ ಬರುವುದೂ ಸಾಮಾನ್ಯ. ಆದುದರಿಂದ ಎರಡನ್ನೂ ಪರೀಕ್ಷಿಸುವಂತೆ ಪೋಷಕರು ಕೇಳಬೇಕು. ೨೦೧೬ರ ಅಂಗವಿಕಲರ ಹಕ್ಕುಗಳ ಕಾಯಿದೆಯ ಇಪ್ಪತ್ತೊಂದು ನ್ಯೂನತೆಗಳ ಪಟ್ಟಿಯಲ್ಲಿ ಕಲಿಕೆಯ ನ್ಯೂನತೆ ಸೇರಿದೆ, ಅವಧಾನದ ಕೊರತೆಯು ಪ್ರತ್ಯೇಕವಾಗಿ ಸೇರಿಲ್ಲ. ಪರೀಕ್ಷೆಯಲ್ಲಿ ರಿಯಾಯಿತಿ ಬೇಡುವವರಿಗೆ ಈ ಭೇದವು ಮುಖ್ಯವಾಗುತ್ತದೆ.

ತಜ್ಞರು ದೊರೆಯುವ ಸ್ಥಳಗಳು ಕರ್ನಾಟಕದಲ್ಲಿ ಇಲ್ಲವೆಂದಲ್ಲ. ಹಳ್ಳಿಯ ಪೋಷಕರಿಗೆ ಅವುಗಳ ದಾರಿ ತಿಳಿಯದು, ಅಷ್ಟೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಮಕ್ಕಳ ಮತ್ತು ಹದಿಹರೆಯದವರ ಮನೋವೈದ್ಯಕ್ಕೆಂದೇ ಒಂದು ವಿಭಾಗವಿದೆ. ಉತ್ತರ ಕರ್ನಾಟಕದವರಿಗೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆಯು ಹತ್ತಿರ. ಎಂಬತ್ತರ ದಶಕದಲ್ಲಿ ನಿಮ್ಹಾನ್ಸ್ ವೈದ್ಯರು ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿದ ಪ್ರಯೋಗವೇ ಮಾದರಿಯಾಗಿ, ೧೯೯೬ರಿಂದ ದೇಶದಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವು ಆರಂಭವಾಯಿತು. ಆದ್ದರಿಂದ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನು ಕಾಣುವುದು ಮೊದಲ ಹೆಜ್ಜೆಯಾಗಬಹುದು. ೨೦೧೩ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯ ತಂಡಗಳು ಸರ್ಕಾರಿ ಮತ್ತು ಅನುದಾನಿತ ಶಾಲೆಗಳಿಗೆ ತಪಾಸಣೆಗಾಗಿ ಬರುತ್ತವೆ. ಅವು ಗಮನಿಸಬೇಕಾದ ತೊಂದರೆಗಳ ಪಟ್ಟಿಯಲ್ಲಿ ಎ.ಡಿ.ಎಚ್.ಡಿ.ಯೂ ಇದೆ. ಹಲ್ಲು, ಕಣ್ಣುಗಳ ತಪಾಸಣೆಯೊಂದಿಗೆ ಅಂದಿನ ಕಾರ್ಯ ಮುಗಿಯಿತೆಂದು ಭಾವಿಸದೆ, ಶಂಕೆಯಿರುವ ಮಗುವಿನ ಹೆಸರನ್ನು ಮುಖ್ಯೋಪಾಧ್ಯಾಯರು ತಾವಾಗಿ ಮುಂದಿಡುವುದು ಒಳ್ಳೆಯದು. ೨೦೨೨ರ ಅಕ್ಟೋಬರ್ ೧೦ರಂದು ಆರಂಭವಾದ ಟೆಲಿ-ಮಾನಸ್ ಸೇವೆಯಲ್ಲಿ ೧೪೪೧೬ಕ್ಕೆ ಕರೆಮಾಡಿ ಹಗಲಿರುಳೆನ್ನದೆ ಉಚಿತವಾಗಿ, ಕನ್ನಡದಲ್ಲಿಯೇ ಸಲಹೆ ಪಡೆಯಬಹುದು. ಓದಬಯಸುವವರಿಗೆ, ನಿಮ್ಹಾನ್ಸ್‌ನಲ್ಲಿ ಪ್ರಾಧ್ಯಾಪಕರಾಗಿದ್ದ ಡಾ. ಸಿ. ಆರ್. ಚಂದ್ರಶೇಖರ್ ಅವರು ಮನಸ್ಸಿನ ಆರೋಗ್ಯವನ್ನು ಕುರಿತು ಸುಲಭ ಕನ್ನಡದಲ್ಲಿ ಬರೆದ ಅನೇಕ ಪುಸ್ತಕಗಳಿವೆ.

ಪೋಷಕರು ಪರಸ್ಪರ ನೆರವಾಗುವ ಪದ್ಧತಿ ಮಾತ್ರ ಇಲ್ಲಿ ಇನ್ನೂ ಎಳೆಯದು. ೧೯೮೭ರಲ್ಲಿ ಅಮೆರಿಕದ ಫ್ಲೋರಿಡಾದಲ್ಲಿ ಕೆಲವು ತಂದೆತಾಯಿಗಳು ಸೇರಿ ಚಾಡ್ ಎಂಬ ಸಂಘವನ್ನು ಕಟ್ಟಿದರು. ಮುಂದೆ ಅದು ದೇಶದಾದ್ಯಂತ ಶಾಖೆಗಳನ್ನು ತೆರೆಯಿತು. ಮಗುವಿನ ಕಾರಣದಿಂದ ಬಂಧುಗಳೆದುರು ತಲೆತಗ್ಗಿಸಿ ಬದುಕುವ ತಾಯಿಗೆ, ಅದೇ ಹಾದಿಯಲ್ಲಿ ನಡೆದ ಇನ್ನೊಬ್ಬ ತಾಯಿಯ ಮಾತು ಕೊಡುವ ಧೈರ್ಯವನ್ನು ವೈದ್ಯರ ಚೀಟಿಯು ಕೊಡಲಾರದು. ಪೋಷಕರ ಸಭೆಯ ದಿನ ಅಂಕಪಟ್ಟಿಗೆ ಸಹಿ ಹಾಕಿಸಿಕೊಂಡು ಕಳುಹಿಸುವ ಬದಲು, ಇಂಥ ನಾಲ್ಕು ಮನೆಯವರನ್ನು ಒಂದು ಕೋಣೆಯಲ್ಲಿ ಕೂರಿಸಲು ಶಾಲೆಗೆ ಹೆಚ್ಚಿನ ವೆಚ್ಚವೇನೂ ಇಲ್ಲ.

ಔಷಧದ ಬಗ್ಗೆ ಭಯವೂ ಭ್ರಮೆಯೂ ಎರಡೂ ಹರಡಿವೆ. ಮೀಥೈಲ್‌ಫೆನಿಡೇಟ್ ಎಂಬುದು ಮುಖ್ಯ ಔಷಧ. ಭಾರತದಲ್ಲಿ ಇದು ೧೯೮೫ರ ಮಾದಕವಸ್ತು ಕಾಯಿದೆಯ ನಿಯಂತ್ರಣಕ್ಕೆ ಒಳಪಟ್ಟಿರುವುದರಿಂದ ವೈದ್ಯರ ಚೀಟಿಯಿಲ್ಲದೆ ದೊರೆಯದು, ಎಲ್ಲ ಅಂಗಡಿಗಳಲ್ಲಿಯೂ ದೊರೆಯದು. ಉತ್ತೇಜಕವಲ್ಲದ ಆಟಮಾಕ್ಸೆಟಿನ್ ಇನ್ನೊಂದು. ಹಸಿವು ಕುಗ್ಗುವುದು, ನಿದ್ರೆ ತಡವಾಗುವುದು ಮುಂತಾದ ಪರಿಣಾಮಗಳಿರುವುದರಿಂದ ಮಗುವಿನ ತೂಕ, ಎತ್ತರ, ನಾಡಿ, ರಕ್ತದೊತ್ತಡಗಳನ್ನು ವೈದ್ಯರು ಆಗಾಗ ನೋಡುತ್ತಿರಬೇಕು. ೧೯೯೯ರಲ್ಲಿ ಪ್ರಕಟವಾದ, ಅಮೆರಿಕ ಮತ್ತು ಕೆನಡಾದ ೫೭೯ ಮಕ್ಕಳ ಹದಿನಾಲ್ಕು ತಿಂಗಳ ಅಧ್ಯಯನದಲ್ಲಿ, ಎಚ್ಚರಿಕೆಯಿಂದ ಕೊಟ್ಟ ಔಷಧವು ಮುಖ್ಯ ಲಕ್ಷಣಗಳನ್ನು ನಡವಳಿಕೆಯ ತರಬೇತಿಗಿಂತ ಹೆಚ್ಚಾಗಿ ತಗ್ಗಿಸಿತು. ಎರಡನ್ನೂ ಕೂಡಿಸಿದಾಗ ಕಡಿಮೆ ಪ್ರಮಾಣದ ಔಷಧವೇ ಸಾಕಾಯಿತು. ಆದರೆ ಮೂರು ವರ್ಷಗಳ ಬಳಿಕ ನೋಡಿದಾಗ ಗುಂಪುಗಳ ನಡುವಿನ ಅಂತರ ಉಳಿದಿರಲಿಲ್ಲ. ಮಾತ್ರೆಯೊಂದನ್ನೇ ನಂಬಿ ಕೂರಲಾಗದೆಂಬುದು ಇದರಿಂದ ವಿದಿತವಾಗುತ್ತದೆ. ಇಷ್ಟು ದಿನಗಳಲ್ಲಿ ಪೂರ್ಣ ಗುಣವೆಂದು ಜಾಹೀರಾತು ಕೊಡುವವರಿಂದಲೂ, ನೆನಪಿನ ಟಾನಿಕ್ಕುಗಳಿಂದಲೂ ದೂರವಿರುವುದು ಕ್ಷೇಮ.

ತರಗತಿಯಲ್ಲಿ ಮಾಡಬಹುದಾದುದು ಬಹಳವಿದೆ, ಅದಕ್ಕೆ ಹಣವೂ ಬೇಡ. ಮಗುವನ್ನು ಕಿಟಕಿ ಬಾಗಿಲುಗಳಿಂದ ದೂರ, ಮುಂದಿನ ಸಾಲಿನಲ್ಲಿ ಕೂರಿಸಬೇಕು. ಪುಸ್ತಕ ತೆಗೆದು, ಪುಟ ತಿರುವಿ, ಐದನೆಯ ಲೆಕ್ಕ ಮಾಡಿ, ಮುಗಿದ ಮೇಲೆ ತೋರಿಸು ಎಂದು ಒಂದೇ ಉಸಿರಿನಲ್ಲಿ ಹೇಳಿದರೆ ಮೊದಲನೆಯದು ಮಾತ್ರ ಅವನ ಕಿವಿಯಲ್ಲಿ ಉಳಿಯುತ್ತದೆ. ಒಂದಾದ ಮೇಲೆ ಒಂದನ್ನು ಹೇಳಬೇಕು. ಇಪ್ಪತ್ತು ಲೆಕ್ಕಗಳನ್ನು ಐದೈದಾಗಿ ಹಂಚಿ, ಪ್ರತಿ ಐದಕ್ಕೂ ಒಮ್ಮೆ ಎದ್ದು ಬಂದು ತೋರಿಸುವಂತೆ ಮಾಡಿದರೆ ಅವನಿಗೆ ಎದ್ದು ನಡೆದಾಡುವ ಅವಕಾಶವೂ ಸಿಕ್ಕುತ್ತದೆ, ಕೆಲಸವೂ ಸಾಗುತ್ತದೆ. ಹಲಗೆ ಒರೆಸುವ, ಸೀಮೆಸುಣ್ಣ ತರುವ ಕೆಲಸವನ್ನು ಅವನಿಗೇ ವಹಿಸುವುದು ಜಾಣತನ. ಹೊಗಳಿಕೆಯನ್ನು ವಾರದ ಕೊನೆಗೆ ಇಟ್ಟುಕೊಳ್ಳಬಾರದು, ಆ ಕ್ಷಣದಲ್ಲಿಯೇ ಹೇಳಬೇಕು. ತಪ್ಪಿಗೆ ಶಿಕ್ಷೆಯಾಗಿ ಆಟದ ಅವಧಿಯನ್ನು ಕಸಿದುಕೊಳ್ಳುವುದು ಮಾತ್ರ ತೀರ ಅವಿವೇಕ. ಓಡಾಟವೇ ಅವನ ಮನಸ್ಸನ್ನು ಮುಂದಿನ ಪಾಠಕ್ಕೆ ಹದಗೊಳಿಸುವಂಥದು.

ಪ್ರಸಾದ ನಿಲಯಗಳುಳ್ಳ ವಿದ್ಯಾಸಂಸ್ಥೆಗಳಲ್ಲಿ ಒಂದು ವಿಶೇಷವನ್ನು ಕಾಣಬಹುದು. ಮನೆಯಲ್ಲಿ ದಿಕ್ಕುತಪ್ಪಿದ್ದ ಹುಡುಗನು ನಿಲಯಕ್ಕೆ ಸೇರಿದ ಮೇಲೆ ಒಂದು ಹದಕ್ಕೆ ಬರುತ್ತಾನೆ. ಬೆಳಗಿನ ಜಾವದ ಗಂಟೆ, ಸಾಮೂಹಿಕ ಪ್ರಾರ್ಥನೆ, ಪ್ರಸಾದದ ಪಂಕ್ತಿ, ಸಂಜೆಯ ಆಟ, ರಾತ್ರಿಯ ಓದು, ದೀಪವಾರುವ ಹೊತ್ತು ಎಲ್ಲವೂ ನಿಯತ. ಮನಸ್ಸು ಒಳಗಿನಿಂದ ಒದಗಿಸಲಾರದ ಕ್ರಮವನ್ನು ಗಂಟೆಯು ಹೊರಗಿನಿಂದ ಒದಗಿಸುತ್ತದೆ. ಹುಡುಗನು ತಿದ್ದಿಹೋದನೆಂದು ಎಲ್ಲರೂ ಸಂತೋಷಪಡುತ್ತಾರೆ. ಹತ್ತನೆಯ ತರಗತಿಯನ್ನು ಚೆನ್ನಾಗಿಯೇ ಮುಗಿಸಿ, ನಗರದ ಕಾಲೇಜಿಗೆ ಸೇರಿ, ಬಾಡಿಗೆ ಕೋಣೆಯಲ್ಲಿ ಒಬ್ಬನೇ ಇರತೊಡಗಿದಾಗ ಅಲ್ಲಿ ಗಂಟೆ ಬಾರಿಸುವವರಿಲ್ಲ. ಶುಲ್ಕ ಕಟ್ಟುವ ಕೊನೆಯ ದಿನ ದಾಟುತ್ತದೆ, ಹಾಜರಾತಿ ಕುಸಿಯುತ್ತದೆ, ನಿಲಯದಲ್ಲಿ ಒಳ್ಳೆಯ ಹೆಸರು ಪಡೆದವನು ಮೊದಲ ವರ್ಷವೇ ನಪಾಸಾಗಿ ಊರಿಗೆ ಮರಳುತ್ತಾನೆ. ಪಟ್ಟಣದ ಸಹವಾಸದಿಂದ ಕೆಟ್ಟನೆಂದು ಊರವರು ಹೇಳುವರು, ತನ್ನಲ್ಲಿ ಬುದ್ಧಿಯೇ ಇಲ್ಲವೆಂದು ಅವನೂ ನಂಬುವನು. ನಿಲಯದ ಕೊನೆಯ ವರ್ಷದಲ್ಲಿಯೇ ಅಲಾರಂ ಇಟ್ಟುಕೊಳ್ಳುವುದು, ದಿನದ ಕೆಲಸಗಳನ್ನು ಚೀಟಿಯಲ್ಲಿ ಬರೆದು ಜೇಬಿನಲ್ಲಿಡುವುದು, ಗೆಳೆಯನೊಬ್ಬನ ಎದುರು ಕುಳಿತು ಓದುವುದು ಮುಂತಾದ ಉಪಾಯಗಳನ್ನು ರೂಢಿ ಮಾಡಿಸಿದ್ದರೆ, ಗಂಟೆಯನ್ನು ತನ್ನೊಡನೆ ಕೊಂಡೊಯ್ಯುವುದು ಅವನಿಗೆ ಸಾಧ್ಯವಾಗುತ್ತಿತ್ತು. ಔಷಧ ಪಡೆಯುವ ಮಕ್ಕಳಿದ್ದಲ್ಲಿ, ಅದನ್ನು ನಿಲಯ ಪಾಲಕರು ತಮ್ಮ ಬೀರುವಿನಲ್ಲಿಟ್ಟು ತಾವೇ ಹೊತ್ತಿಗೆ ಸರಿಯಾಗಿ, ಇತರರ ಮುಂದೆ ಹೆಸರಿಡಿದು ಕೂಗದೆ, ಕೊಡುವ ಏರ್ಪಾಡಾಗಬೇಕು.

ಬಾಲ್ಯದೊಡನೆ ಈ ತೊಂದರೆ ಮುಗಿದೇ ಹೋಗುತ್ತದೆಂದು ಹಿಂದೆ ಭಾವಿಸಲಾಗಿತ್ತು. ಅನೇಕರಲ್ಲಿ ಅದು ಉಳಿಯುತ್ತದೆ. ಕಾಲುಗಳ ಚಡಪಡಿಕೆ ಅಡಗಿ, ಮರೆವು, ಮುಂದೂಡುವಿಕೆ, ಕೈಹಾಕಿದ ಕೆಲಸವನ್ನು ಅರ್ಧಕ್ಕೆ ಬಿಡುವುದು ಮುಂತಾದ ರೂಪಗಳನ್ನು ತಾಳುತ್ತದೆ. ಮಗನನ್ನು ವೈದ್ಯರಲ್ಲಿಗೆ ಕರೆತಂದ ತಂದೆಯು, ಪ್ರಶ್ನೆಗಳನ್ನು ಕೇಳುತ್ತ ಕೇಳುತ್ತ, ಇದೆಲ್ಲ ತನ್ನ ಕಥೆಯೇ ಆಗಿದೆಯಲ್ಲ ಎಂದು ಬೆರಗಾಗುವುದು ಅಪರೂಪವಲ್ಲ. ಹದಿನೇಳು ವರ್ಷ ದಾಟಿದವರಲ್ಲಿ ಐದು ಲಕ್ಷಣಗಳಿದ್ದರೂ ಸಾಕೆಂದು ಕೈಪಿಡಿ ಹೇಳುತ್ತದೆ. ಆದರೆ ಅವು ಹನ್ನೆರಡರೊಳಗೇ ಇದ್ದುವೆಂಬುದಕ್ಕೆ ವೈದ್ಯರು ಆಧಾರ ಕೇಳುತ್ತಾರೆ. ತಂದೆತಾಯಿಗಳು ಗತಿಸಿದ್ದರೆ ಆ ಆಧಾರವು ಶಾಲೆಯ ಹಳೆಯ ಪ್ರಗತಿಪತ್ರದಲ್ಲಿ, ಇಲ್ಲವೆ ನಿವೃತ್ತರಾದ ಗುರುಗಳ ನೆನಪಿನಲ್ಲಿ ಮಾತ್ರ ಇರಲು ಸಾಧ್ಯ. ನಲವತ್ತರ ಹರೆಯದ ಹಳೆಯ ವಿದ್ಯಾರ್ಥಿಯೊಬ್ಬನು ಕಚೇರಿಗೆ ಬಂದು ತನ್ನ ಐದನೆಯ ತರಗತಿಯ ದಾಖಲೆಯನ್ನು ಕೇಳಿದರೆ, ಗುಮಾಸ್ತರು ಕಪಾಟನ್ನು ತೆರೆದು ಹುಡುಕಿಕೊಡುವುದು ಒಳ್ಳೆಯದು.