ಹಲ್ಲುಗಳ ಲೆಕ್ಕ : ವೇಗದ ಕಾರಿಗೆ ಕ್ರೌನ್–ಪಿನಿಯನ್ನಿನ ಆಯ್ಕೆ

ಪ್ರೌಢಶಾಲೆಯ ಗಣಿತದಲ್ಲಿ ಅನುಪಾತದ ಪಾಠವನ್ನು ಓದದ ವಿದ್ಯಾರ್ಥಿಯಿಲ್ಲ. ಆದರೆ ಆ ಪಾಠವು ಬಹುಮಟ್ಟಿಗೆ ಪರೀಕ್ಷೆಯ ಉತ್ತರಪತ್ರಿಕೆಯಲ್ಲಿಯೇ ಮುಗಿದುಹೋಗುತ್ತದೆ. ಎರಡು ಸಂಖ್ಯೆಗಳ ಸಂಬಂಧವು ಉಕ್ಕಿನ ಹಲ್ಲುಗಳ ರೂಪ ತಾಳಿದಾಗ, ಒಂದೂವರೆ ಟನ್ನಿನಷ್ಟು ತೂಕದ ವಾಹನದ ನಡೆಯನ್ನೇ ಬದಲಿಸಬಲ್ಲುದು. ಇದಕ್ಕೆ ಮೋಟಾರು ವಾಹನದ ಹಿಂಬದಿಯ ಆಕ್ಸಲ್ ಒಂದು ಒಳ್ಳೆಯ ನಿದರ್ಶನ. ಅಮೆರಿಕದಲ್ಲಿ ವೇಗದ ಕಾರುಗಳ ಒಡೆಯರು ಕಾರ್ಖಾನೆಯಿಂದ ಬಂದ ಗೇರುಗಳನ್ನು ತೆಗೆದು, ಬೇರೆ ಅನುಪಾತದವನ್ನು ಜೋಡಿಸುವ ಪದ್ಧತಿ ಬಹುಕಾಲದಿಂದ ಇದೆ. ಸಂಖ್ಯೆ ದೊಡ್ಡದಾದಷ್ಟೂ ಕಾರು ಬಲಿಷ್ಠವಾಗುವುದೆಂಬ ನಂಬಿಕೆಯೂ ಅದರೊಡನೆ ಬೆಳೆದುಬಂದಿದೆ. ಈ ನಂಬಿಕೆ ಎಷ್ಟರಮಟ್ಟಿಗೆ ಸರಿ ಎಂಬುದನ್ನು ಒಂದೇ ಒಂದು ಕಾರಿನ ಲೆಕ್ಕದಿಂದ ಪರಿಶೀಲಿಸುವುದು ಈ ಲೇಖನದ ಉದ್ದೇಶ.

ರಚನೆ

ಎಂಜಿನ್ನಿನ ಚಲನೆಯು ಗೇರುಪೆಟ್ಟಿಗೆಯನ್ನು ಹಾದು, ಉದ್ದನೆಯ ದಂಡದ ಮೂಲಕ ಹಿಂದಿನ ಆಕ್ಸಲ್ಲಿಗೆ ಬರುತ್ತದೆ. ಅಲ್ಲಿ ಪಿನಿಯನ್ ಎಂಬ ಚಿಕ್ಕ ಹಲ್ಲುಗಾಲಿಯು ಕ್ರೌನ್ ಎಂಬ ದೊಡ್ಡ ಹಲ್ಲುಗಾಲಿಯನ್ನು ತಿರುಗಿಸುತ್ತದೆ. ಕ್ರೌನಿನ ಹಲ್ಲುಗಳನ್ನು ಪಿನಿಯನ್ನಿನ ಹಲ್ಲುಗಳಿಂದ ಭಾಗಿಸಿದರೆ ಬರುವ ಸಂಖ್ಯೆಯೇ ಆಕ್ಸಲ್ ಅನುಪಾತ. 41 ಹಲ್ಲಿನ ಕ್ರೌನಿಗೆ 11 ಹಲ್ಲಿನ ಪಿನಿಯನ್ ಇದ್ದರೆ ಅನುಪಾತ 3.73, ಪಿನಿಯನ್ನಿಗೆ 10 ಹಲ್ಲುಗಳಿದ್ದರೆ 4.10. ಚಕ್ರವು ಒಂದು ಸುತ್ತು ತಿರುಗುವಷ್ಟರಲ್ಲಿ ದಂಡವು ಅಷ್ಟು ಸುತ್ತು ತಿರುಗಿರುತ್ತದೆ.

ಇಲ್ಲಿ ಮೊದಲು ಮನಗಾಣಬೇಕಾದುದು, ಹಲ್ಲುಗಾಲಿಯು ಶಕ್ತಿಯನ್ನು ಉತ್ಪಾದಿಸುವುದಿಲ್ಲ ಎಂಬುದು. ಅದು ಸುತ್ತುಗಳನ್ನು ಕೊಟ್ಟು ಬಲವನ್ನು ಪಡೆಯುವ ಸಾಧನ. ಸನ್ನೆಕೋಲಿನಿಂದ ಬಂಡೆಯನ್ನು ಎತ್ತುವವನ ಕೈ ಹೆಚ್ಚು ದೂರ ಚಲಿಸಿದರೆ, ಬಂಡೆ ಸ್ವಲ್ಪವೇ ಮೇಲೇಳುತ್ತದೆ. ಇಲ್ಲಿಯ ನಿಯಮವೂ ಅದೇ.

ಒಂದು ಕಾರಿನ ಲೆಕ್ಕ

ಫೋರ್ಡ್ ಸಂಸ್ಥೆಯ ಮಸ್ಟಾಂಗ್ ಕಾರು 1964ರಲ್ಲಿ ಹೊರಬಂದಿತು. 1990ರಿಂದ 1992ರವರೆಗಿನ ಅದರ 5 ಲೀಟರ್ ಮಾದರಿಯನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಅದರ ಎಂಜಿನ್ನಿಗೆ 225 ಅಶ್ವಶಕ್ತಿ. ತಿರುಗುಬಲ ಸುಮಾರು 400 ನ್ಯೂಟನ್-ಮೀಟರ್. ಐದು ಗೇರುಗಳ ಪೆಟ್ಟಿಗೆಯ ಅನುಪಾತಗಳು ಕ್ರಮವಾಗಿ 3.35, 1.99, 1.33, 1.00 ಮತ್ತು 0.68. ಹಿಂದಿನ ಆಕ್ಸಲ್ಲಿನ ಕ್ರೌನಿನ ವ್ಯಾಸ 8.8 ಅಂಗುಲ. ಕಾರ್ಖಾನೆಯು ಇಂತಹ ಕಾರುಗಳಿಗೆ 2.73 ಅಥವಾ 3.08ರ ಅನುಪಾತವನ್ನು ಕೊಡುತ್ತಿತ್ತು. ಟೈರಿನ ವ್ಯಾಸವನ್ನು 65 ಸೆಂಟಿಮೀಟರ್ ಎಂದಿಟ್ಟುಕೊಂಡರೆ ಅದರ ಸುತ್ತಳತೆ 2.04 ಮೀಟರ್. ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಚಕ್ರವು ನಿಮಿಷಕ್ಕೆ 816 ಸುತ್ತು ತಿರುಗುತ್ತದೆ. ಇದನ್ನು ಆಕ್ಸಲ್ ಅನುಪಾತದಿಂದಲೂ ಐದನೆಯ ಗೇರಿನ 0.68ರಿಂದಲೂ ಗುಣಿಸಿದರೆ, ಹೆದ್ದಾರಿಯಲ್ಲಿ ಎಂಜಿನ್ನಿನ ಸುತ್ತುಗಳು ಹೀಗೆ ದೊರೆಯುತ್ತವೆ:

2.73 — ನಿಮಿಷಕ್ಕೆ 1,515
3.08 — ನಿಮಿಷಕ್ಕೆ 1,710
3.55 — ನಿಮಿಷಕ್ಕೆ 1,970
3.73 — ನಿಮಿಷಕ್ಕೆ 2,070
4.10 — ನಿಮಿಷಕ್ಕೆ 2,275

2.73ರಿಂದ 3.73ಕ್ಕೆ ಹೋದರೆ ಪ್ರತಿ ಗೇರಿನಲ್ಲಿಯೂ ಚಕ್ರಕ್ಕೆ ಮುಟ್ಟುವ ತಿರುಗುಬಲ ಶೇಕಡಾ 37ರಷ್ಟು ಹೆಚ್ಚುತ್ತದೆ. ಪ್ರತಿ ಕಿಲೋಮೀಟರಿಗೆ ಎಂಜಿನ್ ತಿರುಗುವ ಸುತ್ತುಗಳೂ ಅಷ್ಟೇ ಹೆಚ್ಚುತ್ತವೆ. ಲಾಭವೂ ವೆಚ್ಚವೂ ಒಂದೇ ಸಂಖ್ಯೆಯಲ್ಲಿ ಅಡಗಿವೆ. ಇಂಧನದ ಖರ್ಚು, ಸದ್ದು, ಎಂಜಿನ್ನಿನ ಸವೆತ ಇವು ಆ ವೆಚ್ಚದ ಬಾಬುಗಳು.

ಅಂತೆಯೇ, ಆಕ್ಸಲ್ ಅನುಪಾತಕ್ಕೆ ಒಂಟಿಯಾಗಿ ಅರ್ಥವಿಲ್ಲ. ಗೇರುಪೆಟ್ಟಿಗೆಯ ಮೇಲಿನ ಗೇರು 1.00ಕ್ಕೇ ನಿಂತರೆ, 3.73ರ ಆಕ್ಸಲ್ ಇರುವ ಕಾರು ಅದೇ 100 ಕಿಲೋಮೀಟರ್ ವೇಗದಲ್ಲಿ 3,000ಕ್ಕೂ ಹೆಚ್ಚು ಸುತ್ತು ತಿರುಗಬೇಕು. ಒಬ್ಬನ ಕಾರಿಗೆ ಹಿತವಾದ ಗೇರು ಇನ್ನೊಬ್ಬನ ಕಾರಿಗೆ ಹೊರೆಯಾಗುವುದು ಈ ಕಾರಣದಿಂದ. ಟೈರಿನ ಮಾತೂ ಹಾಗೆಯೇ. 65ರ ಬದಲು 70 ಸೆಂಟಿಮೀಟರಿನ ಟೈರನ್ನು ಹಾಕಿದರೆ 3.73ರ ಗೇರು 3.46ರಂತೆ ವರ್ತಿಸುತ್ತದೆ.

ಹಿಡಿತದ ಮಿತಿ

ಬಲವು ಹೆಚ್ಚಿದ ಮಾತ್ರಕ್ಕೆ ಅದು ರಸ್ತೆಗೆ ಇಳಿಯುವುದೆಂದು ಹೇಳಲಾಗದು. ಘರ್ಷಣೆಯ ನಷ್ಟವನ್ನು ಬಿಟ್ಟು ಎಣಿಸಿದರೆ, 2.73ರ ಆಕ್ಸಲ್ ಮೊದಲನೆಯ ಗೇರಿನಲ್ಲಿ ಟೈರಿನ ಅಂಚಿಗೆ ಸುಮಾರು 11,250 ನ್ಯೂಟನ್ ಬಲವನ್ನು ಒಯ್ಯಬಲ್ಲುದು, 3.73ರದು 15,400. ಆದರೆ ಈ ಕಾರಿನ ತೂಕ ಸುಮಾರು 14,000 ನ್ಯೂಟನ್. ಅದರಲ್ಲಿ ಅರ್ಧಕ್ಕಿಂತ ಕಡಿಮೆ ಭಾಗ ಮಾತ್ರ ಹಿಂದಿನ ಚಕ್ರಗಳ ಮೇಲಿದೆ. ಹೊರಡುವಾಗ ಭಾರವು ಹಿಂದಕ್ಕೆ ಸರಿಯುವುದನ್ನು ಸೇರಿಸಿಕೊಂಡರೂ, ಸಾಮಾನ್ಯ ಟೈರುಗಳು ಹಿಡಿಯಬಲ್ಲ ಬಲ ಅಂದಾಜಿಗೆ 7,000ದಿಂದ 8,000 ನ್ಯೂಟನ್. ಮೂಲ ಗೇರಿನ ಬಲವೇ ಮೊದಲನೆಯ ಗೇರಿನಲ್ಲಿ ಈ ಮಿತಿಯನ್ನು ಮೀರುತ್ತದೆ. ಅದಕ್ಕೆ ಇನ್ನಷ್ಟು ಸೇರಿಸಿದರೆ ಟೈರು ಸುಟ್ಟು ಹೊಗೆಯೇಳುವುದೇ ಹೊರತು ಕಾರು ಮುಂದೆ ಚಿಮ್ಮದು.

ಹಾಗಾದರೆ ಬದಲಾವಣೆಯಿಂದ ಫಲವೆಲ್ಲಿ? ಮೂರನೆಯ ಗೇರಿನಲ್ಲಿ. ಅಲ್ಲಿ 2.73ರಿಂದ ದೊರೆಯುವ ಬಲ ಸುಮಾರು 4,470 ನ್ಯೂಟನ್, 3.73ರಿಂದ 6,100. ಎರಡೂ ಟೈರಿನ ಹಿಡಿತದೊಳಗೇ ಇರುವುದರಿಂದ ಹೆಚ್ಚಿದ ಬಲವೆಲ್ಲ ವೇಗವರ್ಧನೆಗೆ ಸಲ್ಲುತ್ತದೆ.

ಉಪಯೋಗಕ್ಕೆ ತಕ್ಕ ಆಯ್ಕೆ

ಅಮೆರಿಕದ ನೇರ ಓಟದ ಪಂದ್ಯಗಳಲ್ಲಿ ರೂಢಿಯ ದೂರ ಕಾಲು ಮೈಲಿ, ಎಂದರೆ 402 ಮೀಟರ್. ಗುರಿಯನ್ನು ದಾಟುವಾಗ ಎಂಜಿನ್ ತನ್ನ ಅತ್ಯಧಿಕ ಶಕ್ತಿಯ ಸುತ್ತುಗಳ ಆಸುಪಾಸಿನಲ್ಲಿರಬೇಕೆಂಬುದು ಅಲ್ಲಿಯ ಸೂತ್ರ. ಮೇಲಿನ ಎಂಜಿನ್ನಿಗೆ ಅದು ಸುಮಾರು 4,200 ಸುತ್ತು. ಗುರಿಯ ಬಳಿ ವೇಗವು ಗಂಟೆಗೆ 150 ಕಿಲೋಮೀಟರ್ ಎಂದುಕೊಂಡರೆ, ನಾಲ್ಕನೆಯ ಗೇರಿನಲ್ಲಿ 3.73ರ ಆಕ್ಸಲ್ ಎಂಜಿನ್ನನ್ನು 4,570 ಸುತ್ತುಗಳಿಗೂ 4.10ರದು 5,020 ಸುತ್ತುಗಳಿಗೂ ಒಯ್ಯುತ್ತದೆ. ಮೂಲ ಎಂಜಿನ್ ಇರುವ ಕಾರಿಗೆ 3.73ರಲ್ಲಿಯೇ ಶಿಖರ ದಾಟಿದೆ; 4.10ರಲ್ಲಿ ಇಳಿಜಾರಿನಲ್ಲಿ ಬಹುದೂರ ಹೋದಂತಾಯಿತು. ಹೆಚ್ಚು ಸುತ್ತುಗಳಲ್ಲಿ ಉಸಿರಾಡುವಂತೆ ಮಾರ್ಪಡಿಸಿದ ಎಂಜಿನ್ನಿಗೂ ಹೆಚ್ಚು ಹಿಡಿತದ ಟೈರಿಗೂ 4.10 ಒಪ್ಪೀತು; ಅವಿಲ್ಲದೆ ಒಪ್ಪದು.

ದಿನವೂ ಹೆದ್ದಾರಿಯಲ್ಲಿ ದೂರ ಪ್ರಯಾಣ ಮಾಡುವವನಿಗೆ ಮೂಲದ 3.08 ಸಾಕು. ಊರೊಳಗೂ ಹೊರಗೂ ಓಡಾಡಿ, ಆಗೊಮ್ಮೆ ಪಂದ್ಯಕ್ಕೂ ಇಳಿಯುವವನಿಗೆ 3.55 ಅಥವಾ 3.73 ಹದವಾದುದು. ಆದುದರಿಂದ ಕೊಳ್ಳುವವನು ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ “ಯಾವುದು ದೊಡ್ಡದು?” ಎಂದಲ್ಲ; “ಈ ಕಾರು ಹೆಚ್ಚಿನ ಕಾಲ ಯಾವ ಕೆಲಸ ಮಾಡುತ್ತದೆ?” ಎಂದು.

ಜೋಡಣೆಯ ಶಿಸ್ತು

ಸರಿಯಾದ ಆಯ್ಕೆಯೂ ಜೋಡಣೆ ಕೆಟ್ಟರೆ ವ್ಯರ್ಥ. ಕ್ರೌನ್ ಮತ್ತು ಪಿನಿಯನ್ನುಗಳನ್ನು ಕಾರ್ಖಾನೆಯಲ್ಲಿ ಜೊತೆಯಾಗಿಯೇ ಹೊಂದಿಸಿರುತ್ತಾರೆ. ಒಂದನ್ನು ಉಳಿಸಿಕೊಂಡು ಇನ್ನೊಂದನ್ನು ಬದಲಿಸುವುದು ಸಲ್ಲದು. ಜೋಡಿಸುವಾಗ ಹಲ್ಲುಗಳಿಗೆ ಬಣ್ಣದ ಲೇಪವನ್ನು ಹಚ್ಚಿ ತಿರುಗಿಸಿ, ಅವು ಎಲ್ಲಿ ತಾಗುತ್ತವೆಂಬುದನ್ನು ನೋಡಬೇಕು. ಕ್ರೌನಿನ ಹಲ್ಲಿನ ತುದಿಯಲ್ಲಿ ಗುರುತು ಮೂಡಿದರೆ ಪಿನಿಯನ್ ದೂರವಾಗಿದೆ. ಬುಡದಲ್ಲಿ ಮೂಡಿದರೆ ತೀರ ಹತ್ತಿರವಾಗಿದೆ. ಶಿಮ್ ಎಂಬ ತೆಳುಬಿಲ್ಲೆಗಳನ್ನು ಬದಲಿಸಿ ಗುರುತನ್ನು ನಡುವಿಗೆ ತರಬೇಕು. ಹಲ್ಲುಗಳ ನಡುವಣ ಸಡಿಲವನ್ನು ಡಯಲ್ ಗೇಜಿನಿಂದ ಅಳೆಯುತ್ತಾರೆ. ಈ ಆಕ್ಸಲ್ಲಿನಲ್ಲಿ ಅದು ಮಿಲಿಮೀಟರಿನ ಹತ್ತನೆಯ ಕೆಲವೇ ಭಾಗಗಳ ಲೆಕ್ಕದ್ದು. ಪಿನಿಯನ್ನಿನ ಬೇರಿಂಗುಗಳ ಬಿಗಿಯನ್ನು ನಿರ್ಧರಿಸುವ ಕುಸಿಯುವ ತೋಳನ್ನು ಒಮ್ಮೆ ಅತಿಯಾಗಿ ಬಿಗಿದರೆ ಸಡಿಲಿಸಿ ಮತ್ತೆ ಬಳಸುವಂತಿಲ್ಲ, ಹೊಸದನ್ನೇ ಹಾಕಬೇಕು. ಈ ಹಂತಗಳಲ್ಲಿ ಅವಸರ ಮಾಡಿದರೆ ಆಕ್ಸಲ್ ಊಳಿಡತೊಡಗುತ್ತದೆ. ಹಲ್ಲು ಮುರಿದು ಸಿಕ್ಕಿಕೊಂಡು ಓಡುವ ಕಾರಿನ ಹಿಂದಿನ ಚಕ್ರಗಳು ಹಠಾತ್ತನೆ ನಿಂತರೆ ಪ್ರಾಣಕ್ಕೇ ಅಪಾಯ.

ಸಣ್ಣದೆಂದು ತೋರುವ ಇನ್ನೊಂದು ಕೆಲಸವೂ ಉಳಿದಿದೆ. ಈ ಕಾರಿನ ವೇಗಸೂಚಿಯು ಗೇರುಪೆಟ್ಟಿಗೆಯ ಹೊರದಂಡದಿಂದ ನಡೆಯುತ್ತದೆ. 2.73ನ್ನು ತೆಗೆದು 3.73ನ್ನು ಹಾಕಿ ಅಷ್ಟಕ್ಕೇ ಬಿಟ್ಟರೆ, ಕಾರು 100ರಲ್ಲಿ ಓಡುವಾಗ ಮುಳ್ಳು 137ನ್ನು ತೋರಿಸುತ್ತದೆ. ವೇಗಸೂಚಿಯ ಚಿಕ್ಕ ಗೇರನ್ನೂ ತಕ್ಕಂತೆ ಬದಲಿಸಬೇಕು. ಹೊಸ ಗೇರುಗಳನ್ನು ಮೊದಮೊದಲು ಹಗುರವಾಗಿ ಓಡಿಸಿ, ನಡುನಡುವೆ ತಣಿಯಲು ಬಿಟ್ಟು, ಕೆಲವು ನೂರು ಕಿಲೋಮೀಟರುಗಳ ಬಳಿಕ ಎಣ್ಣೆಯನ್ನು ಬದಲಿಸುವುದು ಒಳ್ಳೆಯ ರೂಢಿ.

ಉಪಸಂಹಾರ

ಘಟ್ಟವನ್ನೇರುವ ಲಾರಿಗೂ ಬಯಲಿನಲ್ಲಿ ಓಡುವ ಕಾರಿಗೂ ನಿಯಮ ಒಂದೇ. ಉತ್ತರ ಮಾತ್ರ ಬೇರೆ. ತರಗತಿಯಲ್ಲಿ ಅಧ್ಯಾಪಕರು ಒಂದು ಸೈಕಲ್ಲನ್ನು ತಲೆಕೆಳಗಾಗಿ ನಿಲ್ಲಿಸಿ, ಮುಂದಿನ ಹಾಗೂ ಹಿಂದಿನ ಹಲ್ಲುಗಳನ್ನು ಎಣಿಸಲು ಹೇಳಿದರೆ ಮೇಲಿನ ಲೆಕ್ಕದ ಮೊದಲ ಪಾಠ ಅಲ್ಲಿಯೇ ಆಗುತ್ತದೆ. ಕಾಯಕಕ್ಕೆ ತಕ್ಕ ಉಪಕರಣವನ್ನು ಆರಿಸುವುದೂ ಕಾಯಕದ ಒಂದು ಅಂಗವೇ. ಎಣಿಸಿ, ಅಳೆದು, ಅಗತ್ಯವನ್ನು ಅರಿತು ಆರಿಸಿದವನು ಕಡಿಮೆ ಸಂಖ್ಯೆಯಿಂದಲೂ ಹೆಚ್ಚು ಫಲವನ್ನು ಪಡೆಯುತ್ತಾನೆ.