ಒಂದು ಮನೆತನದ ವಂಶಾವಳಿಯ ಶೋಧ

ನನ್ನ ಅಡ್ಡಹೆಸರು ಬಾದಾಮಿ. ಆದರೆ ನಮ್ಮ ಮನೆತನದವರು ಯಾರೂ ಬಾದಾಮಿಯಲ್ಲಿ ಇಲ್ಲ. ಹುನಗುಂದದ ಹತ್ತಿರದ ಒಂದು ಹಳ್ಳಿಯಲ್ಲಿ ಆರು ಎಕರೆ ಎರೆಹೊಲ ಇಟ್ಟುಕೊಂಡು ಒಕ್ಕಲುತನ ಮಾಡುತ್ತ ಬಂದವರು ನಾವು. ನಾನು ಬಾಗಲಕೋಟೆಗೆ ಬಂದು ಬಿ. ಎ. ವರ್ಗಕ್ಕೆ ಸೇರಿದಾಗ ಗೆಳೆಯರು, "ಏನಪಾ, ಪುಲಿಕೇಶಿಯ ಪೈಕಿಯೇನು?" ಎಂದು ಚೇಷ್ಟೆ ಮಾಡುತ್ತಿದ್ದರು. ನಾನೂ ನಕ್ಕು ಬಿಡುತ್ತಿದ್ದೆ. ಕಳೆದ ವರ್ಷ ನಮ್ಮ ಅಜ್ಜ ತೀರಿಕೊಂಡರು. ಹೊಲದ ಉತಾರದಲ್ಲಿ ವಾರಸಾ ಹಚ್ಚುವ ಸಲುವಾಗಿ ವಂಶಾವಳಿ ಬರೆದುಕೊಡಬೇಕಾಯಿತು. ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೊಬ್ಬನೇ ಆದುದರಿಂದ ಆ ಕೆಲಸ ನನ್ನ ಪಾಲಿಗೆ ಬಂದಿತು. ಕಚೇರಿಗೆ ಮೂರು ತಲೆ ಬರೆದುಕೊಟ್ಟರೆ ಸಾಕಾಗಿತ್ತು. ಆದರೆ ನನಗೆ ಅಲ್ಲಿಗೇ ನಿಲ್ಲಲಾಗಲಿಲ್ಲ. ಈ 'ಬಾದಾಮಿ' ನಮಗೆ ಎಲ್ಲಿಂದ ಅಂಟಿಕೊಂಡಿತು ಎಂಬುದನ್ನು ಹುಡುಕುತ್ತ ಹೋದೆ. ಆ ಹುಡುಕಾಟದ ಬಗೆಯನ್ನು ವಾಚಕರ ಮುಂದೆ ಇಡುತ್ತಿದ್ದೇನೆ.

ಮೊದಲು ಅಡ್ಡಹೆಸರಿನ ಮಾತು. ನಮ್ಮ ಭಾಗದಲ್ಲಿ ಊರ ಹೆಸರೇ ಮನೆತನದ ಹೆಸರಾಗುವದು ಹೊಸದಲ್ಲ. ನಮ್ಮ ಕಾಲೇಜಿನ ಹಾಜರಿ ಪುಸ್ತಕ ತೆರೆದರೆ ಬಾಗಲಕೋಟಿ, ಹುನಗುಂದ, ಇಳಕಲ್ಲ, ಬಾದಾಮಿ ಎಲ್ಲ ಒಂದೇ ಬೆಂಚಿನ ಮೇಲೆ ಕೂತಿರುವದು ಕಾಣುವದು. ಇದರಲ್ಲಿ ಒಂದು ಸೂಕ್ಷ್ಮವಿದೆ. ಇಳಕಲ್ಲಿನಲ್ಲೇ ಇದ್ದವನನ್ನು 'ಇಳಕಲ್ಲ' ಎಂದು ಯಾರೂ ಕರೆಯುವದಿಲ್ಲ. ಅಲ್ಲಿ ಎಲ್ಲರೂ ಇಳಕಲ್ಲಿನವರೇ. ಊರು ಬಿಟ್ಟು ಬೇರೆ ಕಡೆಗೆ ಹೋದಾಗ, ಹೋದ ಊರಿನವರು ಅವನಿಗೆ ಆ ಹೆಸರು ಹಚ್ಚುತ್ತಾರೆ. ಆದುದರಿಂದ ಊರಿನ ಅಡ್ಡಹೆಸರು ಇದ್ದವರ ಮನೆತನ ಒಂದಿಲ್ಲೊಂದು ಕಾಲಕ್ಕೆ ಅಲ್ಲಿಂದ ಹೊರಬಿದ್ದದ್ದು ಎಂದು ಹೆಚ್ಚಾಗಿ ಹೇಳಬಹುದು. ಇಷ್ಟು ತಿಳಿದ ಮೇಲೆ ನನ್ನ ಪ್ರಶ್ನೆ ಎರಡಾಯಿತು: ಹೊರಬಿದ್ದವರು ಯಾರು, ಯಾವಾಗ?

ಕಾಗದಗಳಿಗಾಗಿ ಹುನಗುಂದಕ್ಕೆ ನಾಲ್ಕು ಸಲ ತಿರುಗಿದೆ. ಅಲ್ಲಿ ನಾನು ಮಾಡಿದ ತಪ್ಪನ್ನು ಹೇಳಿದರೆ ಬೇರೆಯವರಿಗೆ ಉಪಯೋಗವಾದೀತು. ನಮ್ಮಲ್ಲಿ ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವ ರೂಢಿ. 'ಸಂಗಪ್ಪ ತಂದೆ ಬಸಪ್ಪ', ಅದರ ಕೆಳಗೆ 'ಬಸಪ್ಪ ತಂದೆ ಸಂಗಪ್ಪ', ಮತ್ತೆ ಅದರ ಕೆಳಗೆ 'ಸಂಗಪ್ಪ ತಂದೆ ಬಸಪ್ಪ'. ಇವರಲ್ಲಿ ಮೊದಲನೆಯ ಸಂಗಪ್ಪ ಯಾರು, ಮೂರನೆಯವ ಯಾರು? ನಾನು ಇಬ್ಬರನ್ನೂ ಒಬ್ಬನೇ ಎಂದು ತಿಳಿದು ಎರಡು ತಲೆಮಾರನ್ನೇ ನುಂಗಿಬಿಟ್ಟಿದ್ದೆ. ಹಳೆಯ ಕಾಗದವೊಂದು ಮೋಡಿ ಲಿಪಿಯಲ್ಲಿತ್ತು. ಮೋಡಿ ಬಲ್ಲ ಹಿರಿಯರೊಬ್ಬರು ಓದಿ ಹೇಳಿದಾಗ ತಪ್ಪು ಬಯಲಾಯಿತು. ಆ ಹಳೆಯ ಕಾಗದದಲ್ಲಿ ನಮ್ಮವರ ಹೆಸರಿನ ಮುಂದೆ ಬಾದಾಮಿ ಎಂಬುದು ಇಲ್ಲವೇ ಇಲ್ಲ. ಮುಂದಿನ ತಲೆಯ ಕಾಗದದಲ್ಲಿ ಅದು ಸೇರಿಕೊಂಡಿದೆ. ಅಂದರೆ ಊರ ಮಂದಿಯ ಬಾಯಿಯಲ್ಲಿದ್ದ ಹೆಸರು ಬರೆಯುವವನ ಲೆಕ್ಕಣಿಕೆಗೆ ತಡವಾಗಿ ಬಂತು.

ಕಾಗದಕ್ಕಿಂತ ಹಿಂದೆ ಹೋಗಬೇಕಾದರೆ ನಮಗೆ ಇರುವ ದಾರಿ ಹೆಳವರದು. ನಮ್ಮ ಹಳ್ಳಿಗಳಿಂದ ಬಂದ ವಿದ್ಯಾರ್ಥಿಗಳು ಅವರನ್ನು ನೋಡಿಯೇ ಇರುತ್ತಾರೆ. ಹೆಳವ ಎಂದರೆ ಕಾಲಿಲ್ಲದವ. ಹಿಂದೆ ಎತ್ತಿನ ಮೇಲೆ ಕುಳಿತು, ಗಂಟೆಯ ಸಪ್ಪಳ ಮಾಡುತ್ತ ಊರೂರು ತಿರುಗುತ್ತಿದ್ದರು. ಒಬ್ಬೊಬ್ಬ ಹೆಳವನಿಗೆ ಇಂತಿಂಥ ಮನೆತನಗಳು ಎಂದು ಹಂಚಿಕೆಯಾಗಿರುವದು. ಕೆಲವು ವರ್ಷಗಳಿಗೊಮ್ಮೆ ಬಂದು ಕಟ್ಟೆಯ ಮೇಲೆ ಕೂತು ಆ ಮನೆಯ ಹಿರಿಯರನ್ನು ಹೆಸರು ಹಿಡಿದು ಹೊಗಳಿ, ಹೊಸದಾಗಿ ಹುಟ್ಟಿದವರನ್ನು ತಮ್ಮ ಹೊತ್ತಿಗೆಯಲ್ಲಿ ಬರೆದುಕೊಂಡು, ಕಾಳುಕಡಿ, ಬಟ್ಟೆ, ರೊಕ್ಕ ಪಡೆದು ಹೋಗುವರು. ನಮ್ಮ ಮನೆಯ ಹೆಳವರು ಹೋದ ಸುಗ್ಗಿಯಲ್ಲಿ ಬಂದರು. ಎತ್ತಿನ ಮೇಲಲ್ಲ, ಮೋಟಾರ್ ಸೈಕಲ್ ಮೇಲೆ. ಹೊತ್ತಿಗೆ ಮಾತ್ರ ಕೆಂಪು ಬಟ್ಟೆಯಲ್ಲಿ ಸುತ್ತಿದ್ದೇ ಇತ್ತು. ಶಿವ ಪಾರ್ವತಿಯರಿಂದ ಆರಂಭಿಸಿ ಅವರು ಇಳಿದು ಬಂದ ವೇಗಕ್ಕೆ ನನ್ನ ಪೆನ್ಸಿಲ್ ಸಾಲಲಿಲ್ಲ. ನನ್ನಿಂದ ಮೇಲಕ್ಕೆ ಎಣಿಸಿದರೆ ಅವರಲ್ಲಿ ಏಳು ಹೆಸರು ಸಿಕ್ಕವು. ಐದನೆಯ ಹೆಸರು ಬಂದಾಗ ತಡೆದು, "ಇಂವ ಬಾದಾಮಿ ಸೀಮಿಯಿಂದ ಬಂದಾನ್ರಿ" ಎಂದರು.

ತಲೆಮಾರಿಗೆ 25 ವರ್ಷ ಎಂದು ಹಿಡಿಯುವದು ವಾಡಿಕೆ. ನಾನು ಹುಟ್ಟಿದ್ದು 2004ರಲ್ಲಿ. ಐದು ತಲೆ ಹಿಂದೆ ಹೋದರೆ 1879ರ ಆಸುಪಾಸು. ಈ ಲೆಕ್ಕ ನೋಡಿ ನನ್ನ ಮೈ ಜುಮ್ಮೆಂದಿತು. ಏಕೆಂದರೆ 1876ರಿಂದ 1878ರವರೆಗೆ, ಧಾತು ಮತ್ತು ಈಶ್ವರ ಸಂವತ್ಸರಗಳಲ್ಲಿ, ನಮ್ಮ ನಾಡಿಗೆ ಬಿದ್ದ ಬರ ಸಾಮಾನ್ಯವಾದದ್ದಲ್ಲ. ಆಗ ನಮ್ಮದು ಕಲಾದಗಿ ಜಿಲ್ಲೆ. ಜಿಲ್ಲೆಯ ಮುಖ್ಯ ಠಾಣ್ಯ ವಿಜಾಪುರಕ್ಕೆ ಹೋದದ್ದು 1885ರಲ್ಲಿ. 1872ರ ಜನಗಣತಿಗೂ 1881ರ ಜನಗಣತಿಗೂ ನಡುವೆ ಈ ಜಿಲ್ಲೆಯ ಜನಸಂಖ್ಯೆ ಐದರಲ್ಲೊಂದು ಪಾಲಿಗೂ ಹೆಚ್ಚು ಇಳಿಯಿತು. ಸತ್ತವರು ಎಷ್ಟೋ, ದೇಶಾಂತರ ಹೋದವರು ಎಷ್ಟೋ. ಉಳಿದವರಲ್ಲಿ ನಮ್ಮ ಐದನೆಯ ಅಜ್ಜನೂ ಒಬ್ಬನಾಗಿರಬೇಕು ಎಂದುಕೊಂಡೆ.

ಆದರೆ ಒಂದು ತೊಡಕು ಉಳಿಯಿತು. 1879ರ ಹೊತ್ತಿಗೆ ಹುಟ್ಟಿದವನು ಬರದ ಕಾಲಕ್ಕೆ ಹಾಲು ಕುಡಿಯುವ ಕೂಸು ಆಗಬೇಕು. ಕೂಸು ತಾನೇ ನಡೆದು ಬಾದಾಮಿಯಿಂದ ಹುನಗುಂದಕ್ಕೆ ಬಂದೀತೆ?

ಈ ತೊಡಕನ್ನು ಬಿಡಿಸಲು ನನಗೆ ನೆರವಾದದ್ದು, ಆಶ್ಚರ್ಯವೆಂದರೆ, ಅಮೇರಿಕೆಯ ಇತಿಹಾಸದ ಪಾಠ. ಇಂಗ್ಲಿಷರ ವಸಾಹತಾಗಿದ್ದ ಪೆನ್ಸಿಲ್ವೇನಿಯಾಕ್ಕೆ ಹದಿನೆಂಟನೆಯ ಶತಮಾನದಲ್ಲಿ ಸಾವಿರಾರು ಜರ್ಮನ್ ಒಕ್ಕಲಿಗರು ವಲಸೆ ಹೋದರು. ರೈನ್ ನದಿಯ ಗುಂಟ ಇಳಿದು, ರಾಟರ್ಡ್ಯಾಮಿನಲ್ಲಿ ಹಡಗು ಹತ್ತಿ, ಫಿಲಡೆಲ್ಫಿಯಾದಲ್ಲಿ ಇಳಿಯುತ್ತಿದ್ದರು. 1727ರಿಂದ ಅಲ್ಲಿಯ ಸರಕಾರ ಹಾಗೆ ಇಳಿದವರ ಹೆಸರು ಬರೆದುಕೊಂಡು ಇಂಗ್ಲೆಂಡಿನ ದೊರೆಗೆ ನಿಷ್ಠೆಯ ಪ್ರತಿಜ್ಞೆ ಮಾಡಿಸತೊಡಗಿತು. ಇಂದು ಅಮೇರಿಕೆಯಲ್ಲಿ ತಮ್ಮ ಜರ್ಮನ್ ಮೂಲವನ್ನು ಹುಡುಕುವವರಿಗೆ ಈ ಪಟ್ಟಿಗಳೇ ಹೆಬ್ಬಾಗಿಲು. ಆದರೆ ಪ್ರತಿಜ್ಞೆ ಮಾಡಿದವರು ಹದಿನಾರು ವರ್ಷ ದಾಟಿದ ಗಂಡಸರು. ಅವರ ಸಂಗಡ ಅದೇ ಹಡಗಿನಲ್ಲಿ ಬಂದ ಹೆಂಗಸರ ಹೆಸರು ಕೆಲವೇ ಪಟ್ಟಿಗಳಲ್ಲಿ ಸಿಗುತ್ತದೆ. ಬರೆಯಬಾರದವನು ಗುರುತು ಹಾಕಿದರೆ ಕಾರಕೂನನು ತನ್ನ ಕಿವಿಗೆ ಬಿದ್ದಂತೆ ಹೆಸರು ಬರೆಯುವನು. ಕಾಲ ಕಳೆದಂತೆ ಮ್ಯೂಲರ್ ಎಂಬವನು ಮಿಲ್ಲರ್ ಆದ, ಬಡಿಗ ಎಂಬ ಅರ್ಥದ ಜಿಮ್ಮರ್‌ಮನ್ ಎಂಬವನು ಅದೇ ಅರ್ಥದ ಕಾರ್ಪೆಂಟರ್ ಆದ. ಇಂಥವರ ತಾಯಿ ಅಜ್ಜಿಯರನ್ನು ಹುಡುಕಬೇಕಾದರೆ ಹಡಗಿನ ಪಟ್ಟಿ ಬಿಟ್ಟು, ಅವರು ಹೊರಟ ಹಳ್ಳಿಯ ಇಗರ್ಜಿಯ ಪುಸ್ತಕ ನೋಡಬೇಕಾಗುವದು. ಅಲ್ಲಿ ಕೂಸಿಗೆ ದೀಕ್ಷೆ ಕೊಟ್ಟ ದಿನ ತಂದೆಯ ಜೊತೆಗೆ ತಾಯಿಯ ಹೆಸರನ್ನೂ ಪಾದ್ರಿಯು ಬರೆದಿರುತ್ತಾನೆ.

ಜರ್ಮನ್ನರು ನಮ್ಮ ಸೀಮೆಗೂ ಅಪರಿಚಿತರಲ್ಲ. ನಮ್ಮ ಗುಳೇದಗುಡ್ಡದಲ್ಲಿ ಬಾಸೆಲ್ ಮಿಶನ್ನಿನವರು 1851ರಲ್ಲಿ ಠಾಣ್ಯ ಮಾಡಿದರು. ಅದೇ ಮಿಶನ್ನಿನ ಹರ್ಮನ್ ಗುಂಡರ್ಟರು ಮಲೆಯಾಳ ಸೀಮೆಯಲ್ಲಿ ಇದ್ದು 1872ರಲ್ಲಿ ಮಲೆಯಾಳ ನಿಘಂಟನ್ನು ಪ್ರಕಟಿಸಿದರು. 1842ರಲ್ಲಿ ತಲಶ್ಶೇರಿಯಲ್ಲಿ ಹುಟ್ಟಿದ ಅವರ ಮಗಳು ಮೇರಿಯ ಮಗನೇ 1946ರಲ್ಲಿ ನೊಬೆಲ್ ಬಹುಮಾನ ಪಡೆದ ಹರ್ಮನ್ ಹೆಸ್ಸೆ. ಆ ಮನೆಯವರು ಕಾಗದಪತ್ರ ಬರೆದರು, ಬರೆದದ್ದನ್ನು ಕಾದಿಟ್ಟರು; ಆದುದರಿಂದ ಇಂದು ನಾವು ತಾಯಿಯ ಕಡೆಯಿಂದಲೂ ಆ ವಂಶವನ್ನು ಹೇಳಬಲ್ಲೆವು. ನಮ್ಮ ಮನೆಯಲ್ಲಿ ಕಾಗದ ಬರೆಯುವವರು ಯಾರಿದ್ದರು?

ಇದೇ ಕಣ್ಣಿನಿಂದ ನಮ್ಮ ಶಾಸನಗಳನ್ನು ನೋಡಿದರೆ ಅಲ್ಲಿಯೂ ಇದೇ ಕತೆ. ಹುನಗುಂದ ತಾಲೂಕಿನ ಐಹೊಳೆಯ ಮೇಗುತಿಯಲ್ಲಿ ಕ್ರಿ. ಶ. 634ರಲ್ಲಿ ರವಿಕೀರ್ತಿಯು ಬರೆದ ಶಾಸನವಿದೆ. ಜಯಸಿಂಹ, ರಣರಾಗ, ಒಂದನೆಯ ಪುಲಿಕೇಶಿ, ಕೀರ್ತಿವರ್ಮ, ಮಂಗಳೇಶ, ಇಮ್ಮಡಿ ಪುಲಿಕೇಶಿ ಎಂದು ಚಾಲುಕ್ಯರ ಸಾಲು ಅಲ್ಲಿ ಬರುವದು. ಮಂಗಳೇಶನು ರಾಜ್ಯವನ್ನು ತನ್ನ ಮಗನಿಗೆ ಕೊಡಿಸಲು ಹೋಗಿ ರಾಜ್ಯವನ್ನೂ ಪ್ರಾಣವನ್ನೂ ಕಳೆದುಕೊಂಡನೆಂದು ರವಿಕೀರ್ತಿ ಹೇಳುತ್ತಾನೆ. ಹೇಳದೆ ಏನು ಮಾಡಿಯಾನು, ಅವನು ಇಮ್ಮಡಿ ಪುಲಿಕೇಶಿಯ ಕವಿ. ಬಾದಾಮಿಯ ಹತ್ತಿರದ ಮಹಾಕೂಟದ ಕಂಬದ ಶಾಸನ (ಆ ಕಂಬ ಈಗ ವಿಜಾಪುರದ ಸಂಗ್ರಹಾಲಯದಲ್ಲಿದೆ) ಮಂಗಳೇಶನದೇ ಆದುದರಿಂದ ಅದರಲ್ಲಿ ಈ ಜಗಳದ ಸುಳಿವಿಲ್ಲ. ಇನ್ನು ನಾಲ್ಕು ಶತಮಾನಗಳ ನಂತರ, 1009ರ ಕೌಠೆಂ ತಾಮ್ರಪಟದ ಹೊತ್ತಿಗೆ, ಚಾಲುಕ್ಯರ ಪೂರ್ವಜರು 59 ಮಂದಿ ಅಯೋಧ್ಯೆಯಲ್ಲಿ ಆಳಿದರೆಂಬ ಮಾತು ಸೇರಿಕೊಂಡಿತು. ನಮ್ಮ ಹೆಳವರು ಕೈಲಾಸದಿಂದ ಆರಂಭಿಸಿದ್ದಕ್ಕೆ ನಾನು ಮನಸ್ಸಿನಲ್ಲೇ ನಕ್ಕಿದ್ದೆ. ಇದನ್ನು ಓದಿದ ಮೇಲೆ ನಗುವದು ಬಿಟ್ಟೆ.

ಮಹಾಕೂಟದ ಶಾಸನದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೆಯೇ ಒಂದು ಹೆಸರು: ದುರ್ಲಭದೇವಿ. ಒಂದನೆಯ ಪುಲಿಕೇಶಿಯ ರಾಣಿ, ಬಟ್ಪೂರ ಕುಲದವಳು ಎಂದು ಅವಳ ತವರುಮನೆಯ ಸಮೇತ ಬರೆದಿದ್ದಾರೆ. ಪಟ್ಟದಕಲ್ಲಿನಲ್ಲಿಯೂ ಹಾಗೆ. ಎರಡನೆಯ ವಿಕ್ರಮಾದಿತ್ಯನ ರಾಣಿಯರಾದ ಲೋಕಮಹಾದೇವಿ, ತ್ರೈಲೋಕ್ಯಮಹಾದೇವಿ ಎಂಬವರು ಹೈಹಯ ಮನೆತನದ ಅಕ್ಕತಂಗಿಯರು ಎಂದು ನಮಗೆ ಗೊತ್ತು. ಅವರು ಗುಡಿ ಕಟ್ಟಿಸಿದರು, ಹೆಸರು ಉಳಿಯಿತು. ಗುಡಿ ಕಟ್ಟಿಸದ ಹೆಂಗಸರ ಪಾಡೇನು?

ಆಗ ನಾನು ಹೊತ್ತಿಗೆ ಕಾಗದ ಎಲ್ಲ ಮುಚ್ಚಿಟ್ಟು ನಮ್ಮ ಆಯಿಯ ಮುಂದೆ ಕೂತೆ. ಇದನ್ನು ಮೊದಲೇ ಮಾಡಬೇಕಾಗಿತ್ತು. ನಮ್ಮ ಮನೆಯಲ್ಲಿ ಮಹಾನವಮಿಯ ಹೊತ್ತಿಗೆ ಹಿರಿಯರ ಪೂಜೆಗೆ ಧೋತರ, ರುಮಾಲುಗಳ ಜೊತೆಗೆ ಒಂದು ಹಸಿರು ಸೀರೆ, ಒಂದು ಖಣ ಇಡುತ್ತಾರೆ. ಚಿಕ್ಕಂದಿನಿಂದ ನೋಡಿದ್ದೆ, ಯಾರದೆಂದು ಕೇಳಿರಲಿಲ್ಲ. ಈಗ ಕೇಳಿದೆ.

"ಅದು ಬಾದಾಮಿಯಾಕಿದು" ಎಂದಳು ಆಯಿ. "ಬರದಾಗ ಗಂಡ ಸತ್ತನಂತ. ಬಗಲಾಗ ಕೂಸು ಕಟ್ಟಿಕೊಂಡು ನಡಕೋತ ಬಂದಾಳು. ಆಕಿ ಅಕ್ಕನ್ನ ಈ ಊರಿಗೆ ಕೊಟ್ಟಿದ್ರು. ಅಕ್ಕನ ಮನಿ ದನದ ಕೊಟ್ಟಿಗ್ಯಾಗ ಇದ್ದು, ಕೂಲಿ ಮಾಡಿ ಮಗನ್ನ ಬೆಳಿಸಿದ್ಲು. ನನಗ ನಮ್ಮ ಅತ್ತಿ ಹೇಳಿದ್ದು."

"ಆಕಿ ಹೆಸರೇನು?"

ಆಯಿ ಬಹಳ ಹೊತ್ತು ನೆನಪು ಮಾಡಿಕೊಂಡಳು. "ಬಾದಾಮಿಯಾಕಿ ಅಂತನ ಅಂತಿದ್ರು" ಎಂದಳು.

ನನ್ನ ಲೆಕ್ಕದ ತೊಡಕು ಬಿಡಿಸಿತು. ಕೂಸು ನಡೆದು ಬಂದಿರಲಿಲ್ಲ. ಹುನಗುಂದದಲ್ಲಿಯೂ ಆಗ ಬರ ಕಡಿಮೆ ಇರಲಿಲ್ಲ. ಇಲ್ಲಿಗೇ ಏಕೆ ಬಂದಳು ಎಂಬುದಕ್ಕೂ ಉತ್ತರ ಸಿಕ್ಕಿತು: ಅಕ್ಕ ಇದ್ದಳು. ನಮ್ಮ ಮನೆತನವನ್ನು ಈ ಊರಿಗೆ ತಂದು ನೆಟ್ಟವಳ ಹೆಸರು ಹೆಳವರ ಹೊತ್ತಿಗೆಯಲ್ಲೂ ಇಲ್ಲ, ಹುನಗುಂದದ ಕಾಗದದಲ್ಲೂ ಇಲ್ಲ. ಆದರೆ ಊರವರು ಅವಳನ್ನು ಕರೆದ ಬಗೆಯೇ ಅವಳ ಮಗನಿಗೆ ಅಡ್ಡಹೆಸರಾಗಿ, ಮುಂದೆ ಉತಾರದಲ್ಲಿ ಸೇರಿ, ಈಗ ನನ್ನ ಪರೀಕ್ಷೆಯ ಪ್ರವೇಶಪತ್ರದ ಮೇಲೆಯೂ ಇದೆ.

ಇಷ್ಟಾದ ಮೇಲೆ ಕಚೇರಿಗೆ ಕೊಡುವ ವಂಶಾವಳಿ ಬರೆಯಲು ಕೂತೆ. ಅಪ್ಪ ಮತ್ತು ಕಾಕಾ ಹೇಳಿ ಬರೆಯಿಸಿದ ಮೊದಲ ಕರಡಿನಲ್ಲಿ ಅಜ್ಜನ ಕೆಳಗೆ ಇಬ್ಬರೇ ಮಕ್ಕಳು. ಇಳಕಲ್ಲಿಗೆ ಮತ್ತು ಬಾದಾಮಿಗೆ ಕೊಟ್ಟ ನನ್ನ ಇಬ್ಬರು ಸೋದರತ್ತೆಯರು ಅದರಲ್ಲಿ ಇರಲಿಲ್ಲ. ಯಾರದೂ ಕೆಟ್ಟ ಮನಸ್ಸಲ್ಲ. ಹೆಳವರೂ ಬರೆದುಕೊಂಡಿಲ್ಲ, ನಾವೂ ಬರೆಯಲಿಲ್ಲ, ಅಷ್ಟೆ. 2005ರ ತಿದ್ದುಪಡಿಯಾದ ಮೇಲೆ ಹಿಂದೂ ವಾರಸಾ ಕಾಯದೆಯಂತೆ ಹಿರಿಯರ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಹುಟ್ಟಿನ ಹಕ್ಕಿದೆ ಎಂದು ನಾನು ಹೇಳಿದೆ. ಕಾಕಾ, "ಸಾಲಿ ಕಲಿಸಿದ್ದು ಇದಕ್ಕೇನು?" ಎಂದರು. ಆ ರಾತ್ರಿ ನಮ್ಮ ಮನೆಯಲ್ಲಿ ಯಾರೂ ಸರಿಯಾಗಿ ಊಟ ಮಾಡಲಿಲ್ಲ. ಮರುದಿನ ಅಪ್ಪ, "ಬರಿ. ಅಕ್ಕಂದಿರು ಹುಟ್ಟಿದ್ದು ಸುಳ್ಳೇನು?" ಎಂದು ಒಪ್ಪಿದರು.

ಸಹಿಗಾಗಿ ನಾನೇ ಇಳಕಲ್ಲಿಗೆ ಹೋದೆ. ದೊಡ್ಡ ಅತ್ತೆ ಕೂಲಿಗೆ ಕಂಡಿಕೆ ಸುತ್ತುತ್ತ ಕೂತಿದ್ದಳು. ತನ್ನ ಹೆಸರನ್ನು ಎರಡು ಸಲ ಓದಿಸಿ ಕೇಳಿದಳು. "ಹೊಲ ನಿಮಗ ಇರ್ಲೆಪಾ" ಎಂದು ಹೆಬ್ಬೆಟ್ಟು ಒತ್ತಿದಳು. ಬಾದಾಮಿಯ ಸಣ್ಣ ಅತ್ತೆ ಮಾತ್ರ, "ವಿಚಾರ ಮಾಡ್ತೇನು" ಎಂದು ಕಾಗದ ತನ್ನ ಹತ್ತಿರವೇ ಇಟ್ಟುಕೊಂಡಿದ್ದಾಳೆ. ಅವಳಿಗೆ ಇಬ್ಬರು ಹೆಣ್ಣುಮಕ್ಕಳಿದ್ದಾರೆ. ಕಾಕಾ ನನ್ನ ಸಂಗಡ ಇನ್ನೂ ಸರಿಯಾಗಿ ಮಾತಾಡುತ್ತಿಲ್ಲ.

ಹೆಳವರಿಗೆ ಫೋನು ಮಾಡಿ, ಬಾದಾಮಿ ಸೀಮೆಯಲ್ಲಿ ಉಳಿದ ನಮ್ಮ ಪೈಕಿಯವರ ಹೊತ್ತಿಗೆ ಯಾರ ಹತ್ತಿರ ಇದೆ ಎಂದು ಕೇಳಿದ್ದೇನೆ. ತಮ್ಮ ಅಣ್ಣತಮ್ಮಕಿಯ ಒಬ್ಬರ ಹತ್ತಿರ ಇರಬೇಕೆಂದು ಹೇಳಿದರು. ಕೆಲವು ಹೊತ್ತಿಗೆಗಳಲ್ಲಿ ಮನೆಗೆ ತಂದುಕೊಂಡ ಸೊಸೆಯ ಹೆಸರನ್ನೂ ಬರೆದದ್ದು ಉಂಟಂತೆ. ಪರೀಕ್ಷೆ ಮುಗಿದ ಕೂಡಲೆ ಅವರಲ್ಲಿಗೆ ಹೋಗುವವನಿದ್ದೇನೆ.